ಒಂದು ಜೂನ್, ಮೂವತ್ತೆರಡು ಅಕ್ಷರ

ನಮ್ಮ ಸರ್ ನಡೆಸುತ್ತಿದ್ದ ಕಂಪ್ಯೂಟರ್ ವರ್ಗಕ್ಕೆ ಹೋಗಬೇಕಾದರೆ ಮೊದಲು ಚಪ್ಪಲಿ ಬಿಡಬೇಕಿತ್ತು. ಆಮೇಲೆ ಹೊಸ್ತಿಲಲ್ಲಿ ಹಾಸಿದ ಹಸಿ ಗೋಣಿಚೀಲದ ಮೇಲೆ ಅಂಗಾಲು ಒರೆಸಬೇಕಿತ್ತು. ಕೊನೆಗೆ ಸರ್ ಬಗ್ಗಿ ನಮ್ಮ ಕಾಲು ನೋಡಿ "ಹೂಂ, ಬಾ" ಎನ್ನಬೇಕಿತ್ತು. ನಮ್ಮ ಗಡಿ ತಾಲೂಕಿನ ಊರು ಜತ್ತದ ಬಸ್ ಸ್ಟ್ಯಾಂಡಿನ ಹಿಂದೆ, ಹಿಟ್ಟಿನ ಗಿರಣಿಯ ಮೇಲಿನ ಒಂದೇ ಒಂದು ಖೋಲಿ ಅದು. ಕೆಳಗಿನಿಂದ ಹಿಟ್ಟು ಹಾರಿ ಬರುತ್ತಿತ್ತು, ಕಿಟಕಿಯಿಂದ ಮಣ್ಣು. ನಡುವೆ ಎರಡು ಕಂಪ್ಯೂಟರುಗಳು ಕಾಕುವಿನ ಹಳೆಯ ಇಳಕಲ್ ಸೀರೆಯ ತುಂಡು ಹೊದ್ದು ಕೂತಿರುತ್ತಿದ್ದವು. ಕಾಕು ಎಂದರೆ ಸರ್ ಅವರ ಮನೆಯವರು. ತನ್ನ ಮದುವೆಯ ಸೀರೆಯನ್ನು ಈ ಪೆಟ್ಟಿಗೆಗಳಿಗೆ ಹರಿದು ಹಾಕಿದರೆಂಬ ಸಿಟ್ಟು ಆಕೆಗೆ ಕಡೆತನಕ ಇತ್ತು.

ಸರ್ ಹೆಸರನ್ನು ನಾನು ಬರೆಯುವುದಿಲ್ಲ. ಹೆಸರಿನಿಂದಾದ ಒಂದು ಅನಾಹುತವನ್ನೇ ಮುಂದೆ ಹೇಳಬೇಕಾಗಿದೆ, ಅದರ ಜೊತೆ ಇನ್ನೊಂದು ಹೆಸರು ಸೇರಿಸುವುದು ಬೇಡ. ಅವರ ಹಳೆಯ ವಿದ್ಯಾರ್ಥಿಗಳೆಲ್ಲ ಕೂಡಿ ನೆನಪಿನ ಪುಸ್ತಕ ಮಾಡುತ್ತಾರಂತೆ, ನನಗೂ ಎರಡು ಪುಟ ಬರೆದು ಕೊಡಲು ಹೇಳಿದ್ದಾರೆ. ಒಳ್ಳೆಯದನ್ನು ಬರೆಯಿರಿ ಎಂದರು. ಇದು ಒಳ್ಳೆಯದೋ ಅಲ್ಲವೋ ಅವರೇ ನೋಡಿಕೊಳ್ಳಲಿ.

ಕಂಪ್ಯೂಟರಿನ ಮೊದಲು ಅವರು ಉಮದಿ ಹತ್ತಿರದ ನಮ್ಮೂರಲ್ಲಿ ಕನ್ನಡ ಸಾಲೆಯ ಮಾಸ್ತರರಾಗಿದ್ದರು. ನನ್ನನ್ನು ಒಂದನೆಯ ಇಯತ್ತೆಗೆ ಸೇರಿಸಿಕೊಂಡವರು ಅವರೇ. ಅಬ್ಬಾ ನನ್ನ ಕೈ ಹಿಡಿದುಕೊಂಡು ಹೋಗಿ ನಿಂತಾಗ ಸರ್ ಕೇಳಿದ ಮೊದಲ ಪ್ರಶ್ನೆ, "ಹುಟ್ಟಿದ ತಾರೀಖು ಏನ್ರಿ ಮುಲ್ಲಾ ಅವರ?"

"ಮೊಹರಂ ಮುಂದ ಹುಟ್ಯಾಳ್ರಿ ಸರ. ಸಜ್ಜಿ ರಾಶಿ ಆಗಿತ್ತೇನೊ ಆಗ."

"ಯಾವ ವರ್ಷದ ಮೊಹರಂ?"

ಅಬ್ಬಾ ಮುಗಿಲು ನೋಡಿದರು. ಸರ್ ನಕ್ಕು ನನ್ನ ಬಲಗೈ ಹಿಡಿದು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿಸಿದರು. ಬೆರಳು ಕಿವಿಗೆ ತಾಗಿತು. ತಾಗಿದರೆ ಆರು ವರ್ಷ, ತಾಗದಿದ್ದರೆ ಬರುವ ವರ್ಷ ಬಾ. ಅಂದು ತಾಗಿದವರೆಲ್ಲ ಆರು ವರ್ಷದ ಹಿಂದಿನ ಜೂನ್ ಒಂದನೇ ತಾರೀಖಿಗೆ ಹುಟ್ಟಿದೆವು. ನಮ್ಮ ವರ್ಗದ ಇಪ್ಪತ್ತಾರು ಮಕ್ಕಳಲ್ಲಿ ಇಪ್ಪತ್ತೈದು ಜನರದು ಒಂದೇ ಹುಟ್ಟುಹಬ್ಬ. ಉಳಿದ ಒಬ್ಬ ಪೋಸ್ಟಮಾಸ್ತರರ ಮಗ. ನಮ್ಮ ಸರ್ ಮಾತ್ರವಲ್ಲ, ತಾಲೂಕಿನ ಎಲ್ಲ ಸಾಲೆಗಳಲ್ಲೂ ಹೀಗೆಯೇ ನಡೆಯುತ್ತಿತ್ತು. ಜೂನ್ ತಿಂಗಳಲ್ಲಿ ಸಾಲೆ ಶುರುವಾಗುತ್ತದೆ, ಲೆಕ್ಕ ಹಿಡಿಯಲು ಸುಲಭ. ಅದರಲ್ಲಿ ಯಾರಿಗೂ ತಪ್ಪು ಕಾಣಿಸಿರಲಿಲ್ಲ.

ಅವರಿಗೆ ಕಂಪ್ಯೂಟರಿನ ಹುಚ್ಚು ಹಿಡಿದದ್ದು ನಾನು ಏಳನೆಯ ಇಯತ್ತೆಯಲ್ಲಿದ್ದಾಗ. ರಜೆಯಲ್ಲಿ ಸಾಂಗ್ಲಿಗೆ ಹೋಗಿ ಕಲಿತು ಬಂದರು, ಆಮೇಲೆ ಅವಧಿಗೆ ಮೊದಲೇ ನೌಕರಿ ಬಿಟ್ಟು ಜತ್ತದಲ್ಲಿ ವರ್ಗ ತೆರೆದರು. ಊರವರು ನಕ್ಕರು. ಹಣೆಯ ತುಂಬ ವಿಭೂತಿ ಹಚ್ಚಿಕೊಂಡ, ಐವತ್ತು ದಾಟಿದ ಈ ಮನುಷ್ಯ ನಮಗೆ ಹತ್ತೂ ಬೆರಳಿನಿಂದ ಟೈಪ್ ಮಾಡಲು ಕಲಿಸುತ್ತಿದ್ದರು. ತಾವು ಮಾತ್ರ ಎರಡೇ ಬೆರಳಿನಿಂದ, ಕೋಳಿ ಕಾಳು ಹೆಕ್ಕಿದ ಹಾಗೆ ಟೈಪ್ ಮಾಡುತ್ತಿದ್ದರು. ಯಾರಾದರೂ ನಕ್ಕರೆ, "ನಾ ಕಲಿಸಾಂವ, ನೀವು ಕಲಿಯಾವ್ರು. ನನ್ನ ನೋಡಿ ಕಲೀಬ್ಯಾಡ್ರಿ, ನಾ ಹೇಳಿದ್ದು ಕೇಳಿ ಕಲೀರಿ" ಎನ್ನುತ್ತಿದ್ದರು. ಹನ್ನೆರಡನೆಯ ವರ್ಗಕ್ಕೆ ಜತ್ತಕ್ಕೆ ಬಸ್ಸಿನಲ್ಲಿ ಓಡಾಡುತ್ತಿದ್ದ ನಾನು ಮಧ್ಯಾಹ್ನದ ಹೊತ್ತು ಅಲ್ಲಿ ಕೂಡುತ್ತಿದ್ದೆ.

ಆ ಹೊತ್ತಿಗೆ ಅವರಿಗೆ ಒಂದು ಹೊಸ ವಿದ್ಯೆ ಸಿಕ್ಕಿತ್ತು. ಯಾವುದೋ ಕಂಪ್ಯೂಟರ್ ಮಾಸಿಕದ ಜೊತೆ ಬಂದ ಸಿಡಿಯಲ್ಲಿತ್ತಂತೆ. ಪರದೇಶದವರು ಬರೆದು ಎಲ್ಲರಿಗೂ ಬಿಟ್ಟುಕೊಟ್ಟದ್ದು, ಎಂಡಿ ಫೈವ್ ಎಂದು ಹೆಸರು. ಇಂಥವಕ್ಕೆ ಹ್ಯಾಶ್ ಎನ್ನುತ್ತಾರೆ ಎಂದರು. ನಮ್ಮ ಐದಾರು ಹುಡುಗಿಯರನ್ನು ಸುತ್ತ ನಿಲ್ಲಿಸಿಕೊಂಡು ಊರಿನ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಒತ್ತಿದರು. ಪರದೆಯ ಮೇಲೆ ಅಂಕಿ ಅಕ್ಷರ ಕಲಸಿದ ಒಂದು ಸಾಲು ಬಂತು, ಎಣಿಸಿದರೆ ಮೂವತ್ತೆರಡು. ಒಂದು ಅಕ್ಷರ ಬದಲಿಸಿ ಒತ್ತಿದರು. ಸಾಲು ಪೂರ್ತಿ ಬೇರೆಯಾಯಿತು, ಮೊದಲಿನದರ ಗುರುತೇ ಇಲ್ಲ. ಆಮೇಲೆ ತಾವು ತಿಂಗಳುಗಟ್ಟಲೆ ಕೂತು ಟೈಪ್ ಮಾಡಿದ ಇಡೀ ಪುಸ್ತಕವನ್ನು ಅದಕ್ಕೆ ಕೊಟ್ಟರು. ರೆಪ್ಪೆ ಬಡಿಯುವುದರೊಳಗೆ ಉತ್ತರ ಬಂತು, ಅದೂ ಮೂವತ್ತೆರಡೇ.

"ಇದನ್ನ ತಿರುಗಿಸಿ ಪುಸ್ತಕ ಮಾಡಬಹುದೇನ್ರಿ ಸರ?" ಎಂದು ನಾನು ಕೇಳಿದೆ.

ಸರ್ ಕಾಲಿನಿಂದ ನೆಲ ಕುಟ್ಟಿ ಕೆಳಗಿನ ಗಿರಣಿ ತೋರಿಸಿದರು. "ಅಲ್ಲಿ ಜ್ವಾಳ ಹಾಕಿದಿ, ಹಿಟ್ಟ ಬಂತು. ಹಿಟ್ಟ ಹಾಕಿದ್ರ ಜ್ವಾಳ ಬರ್ತದೇನು? ಬರಂಗಿಲ್ಲ. ಆದ್ರ ಅದs ಜ್ವಾಳ ಮತ್ತ ಹಾಕಿದ್ರ ಅದs ಹಿಟ್ಟ ಬರ್ತದ. ಒಂದು ಕಾಳ ಬದಲಾದ್ರೂ ಹಿಟ್ಟ ಹೇಳಿಬಿಡ್ತದ."

ಅಂದಿನಿಂದ ಅವರು ಎಲ್ಲದಕ್ಕೂ ಹ್ಯಾಶ್ ಹಾಕತೊಡಗಿದರು. ವರ್ಗದಲ್ಲಿ ನಮಗೆಲ್ಲ ಪಾಸ್‌ವರ್ಡ್ ಇತ್ತು. ಶೋಭಾ ಎಂಬ ಹುಡುಗಿ ತನ್ನದನ್ನು ಮರೆತು ಹೇಳಿಕೊಡಿರಿ ಎಂದು ಗೋಗರೆದಳು. "ನನಗs ಗೊತ್ತಿಲ್ಲವ್ವ. ಈ ಪೆಟಗಿಗೂ ಗೊತ್ತಿಲ್ಲ, ಅದರ ಹತ್ರ ಬರೇ ಹಿಟ್ಟ ಅದ. ನೀ ಒತ್ತಿದ್ದನ್ನ ಬೀಸಿ ನೋಡ್ತದ, ಹಿಟ್ಟ ಕೂಡಿದ್ರ ಬಾಗಲಾ ತಗೀತದ" ಎಂದು ಅವಳಿಗೆ ಹೊಸದನ್ನು ಕೊಟ್ಟರು.

ಸಾಂಗ್ಲಿಯಿಂದ ಬಸ್ಸಿನಲ್ಲಿ ಫ್ಲಾಪಿ ಬರುತ್ತಿದ್ದವು. ನಮ್ಮ ಬಿಸಿಲಿಗೆ, ಮಣ್ಣಿಗೆ ಅರ್ಧ ಫ್ಲಾಪಿ ದಾರಿಯಲ್ಲೇ ಕೆಡುತ್ತಿದ್ದವು. ಒಳಗಿನ ಕಡತ ಸರಿಯಾಗಿ ಬಂದಿದೆಯೋ ಇಲ್ಲವೋ ನೋಡಲು ಸರ್ ಎಸ್‌ಟಿಡಿ ಬೂತಿಗೆ ಹೋಗಿ ಸಾಂಗ್ಲಿಯವರಿಗೆ ಆ ಮೂವತ್ತೆರಡನ್ನೂ ಗಟ್ಟಿಯಾಗಿ ಓದಿ ಹೇಳುತ್ತಿದ್ದರು. "ಒಂಬತ್ತು, ಈ, ನಾಕು, ಸೊನ್ನಿ, ಬೀ" ಎಂದು ಅವರು ಕೂಗುತ್ತಿದ್ದರೆ ಸಾಲಿನಲ್ಲಿ ನಿಂತವರು ಕಿವಿ ನಿಮಿರಿಸಿ ಕೇಳುತ್ತಿದ್ದರು. ಇದು ಮಟಕಾ ಜೂಜಿನ ನಂಬರು ಎಂದು ಬೂತಿನವನಿಗೆ ಖಾತ್ರಿಯಾಗಿಬಿಟ್ಟಿತ್ತು. ಒಂದು ದಿನ ಸರ್ ಹೊರಗೆ ಬಂದಾಗ ಮೆಲ್ಲಗೆ, "ಸರ, ಓಪನ್ ಯಾವ್ದು ಕ್ಲೋಜ್ ಯಾವ್ದು, ಅಷ್ಟರೆ ಹೇಳ್ರಿ" ಎಂದನಂತೆ. ಈ ಕತೆಯನ್ನು ಸರ್ ನೂರು ಸಲ ಹೇಳಿದ್ದಾರೆ, ಪ್ರತಿ ಸಲವೂ ಬೂತಿನವನ ಮುಖ ಮಾಡಿ ತೋರಿಸಿದ್ದಾರೆ.

ಇಷ್ಟೇ ಆಗಿದ್ದರೆ ನಾನು ಎರಡು ಪುಟ ಬರೆದು ಮುಗಿಸುತ್ತಿದ್ದೆ.

ನಾನು ಹನ್ನೆರಡನೆಯದನ್ನು ಮುಗಿಸಿದ ವರ್ಷ ಒಂದು ಖಾಸಗಿ ಸಂಸ್ಥೆಯವರು ಗಡಿಭಾಗದ ಹೆಣ್ಣುಮಕ್ಕಳಿಗಾಗಿ ಕನ್ನಡ ಡಿ.ಎಡ್. ಕಾಲೇಜು ತೆರೆದರು. ಇಪ್ಪತ್ತು ಸೀಟು, ಹಾಸ್ಟೆಲ್ಲು, ಊಟ ಎಲ್ಲ ಪುಕ್ಕಟೆ. ಅದು ಮುಗಿದರೆ ಮಾಸ್ತರಿಕೆ, ಇಲ್ಲದಿದ್ದರೆ ಮನೆ. ನನ್ನಂಥವಳಿಗೆ ಮೂರನೆಯ ದಾರಿ ಇರಲಿಲ್ಲ. ಅರ್ಜಿಗಳ ರಾಶಿ ಬಿತ್ತು. ಮಂದಿ ಜಾಣರು, ತಂದೆಯ ಊರಿನಿಂದ ಒಂದು, ತಾಯಿಯ ತವರಿನಿಂದ ಒಂದು ಎಂದು ಒಬ್ಬಳೇ ಹುಡುಗಿಯ ಹೆಸರಿನಲ್ಲಿ ಎರಡೆರಡು ಅರ್ಜಿ ಹಾಕಿದರು. ಸಂಸ್ಥೆಯ ಅಧ್ಯಕ್ಷರು ಇವನ್ನು ಹೆಕ್ಕಿ ತೆಗೆದು ಅಂಕದ ಪ್ರಕಾರ ಯಾದಿ ಮಾಡಿಕೊಡುವ ಕೆಲಸವನ್ನು ನಮ್ಮ ಸರ್‌ಗೆ ಒಪ್ಪಿಸಿದರು.

ಸರ್ ಒಂದು ಪ್ರೋಗ್ರಾಮು ಬರೆದರು. ಹುಡುಗಿಯ ಹೆಸರು, ತಂದೆಯ ಹೆಸರು, ಅಡ್ಡಹೆಸರು, ಹುಟ್ಟಿದ ತಾರೀಖು, ಈ ನಾಲ್ಕನ್ನು ಕೂಡಿಸಿ ಬೀಸಿದರೆ ಮೂವತ್ತೆರಡು ಅಕ್ಷರ. ಊರಿನ ಹೆಸರನ್ನು ಬೇಕೆಂದೇ ಬಿಟ್ಟರು, ಏಕೆಂದರೆ ಊರು ಬದಲಿಸಿ ಹಾಕಿದವರನ್ನೇ ಹಿಡಿಯಬೇಕಾಗಿತ್ತು. ಅದೇ ಮೂವತ್ತೆರಡು ಎರಡು ಸಲ ಬಂದರೆ ಒಬ್ಬಳೇ ಹುಡುಗಿ. ಸಂಸ್ಥೆಯ ಸಭೆಯಲ್ಲಿ ಅಧ್ಯಕ್ಷರು, "ಎರಡು ಬ್ಯಾರೆ ಮಂದಿಗಿ ಒಂದs ಬಂದ್ರ ಏನ್ರಿ ಸರ?" ಎಂದು ಕೇಳಿದರಂತೆ. "ಬರಂಗಿಲ್ರಿ. ಬಂದ್ರ ನಾ ವರ್ಗಕ್ಕ ಕೀಲಿ ಹಾಕಿ ಕುರಿ ಕಾಯಾಕ ಹೋಗ್ತೀನಿ" ಎಂದು ಸರ್ ಎದೆ ತಟ್ಟಿ ಹೇಳಿದರಂತೆ.

ಯಂತ್ರದ ಮಟ್ಟಿಗೆ ಅವರು ಹೇಳಿದ್ದು ಸರಿಯೇ ಇತ್ತು. ಬೇರೆ ಕಾಳು ಹಾಕಿದರೆ ಬೇರೆ ಹಿಟ್ಟು. ಆದರೆ ನಮ್ಮ ತಾಲೂಕಿನಲ್ಲಿ ಎರಡು ಬೇರೆ ಹೊಲದ ಕಾಳು ಒಂದೇ ಇದ್ದವು. ನಮ್ಮ ಮಂದಿಯಲ್ಲಿ ದಸ್ತಗೀರ ಎಂಬ ಹೆಸರಿನ ಗಂಡಸರು ಊರಿಗೆ ಹತ್ತು. ಮುಲ್ಲಾ ಎನ್ನುವುದು ಕೆಲಸದಿಂದ ಬಂದ ಅಡ್ಡಹೆಸರು, ಮಸೀದಿ ಇದ್ದಲ್ಲೆಲ್ಲ ಒಂದು ಮುಲ್ಲಾ ಮನೆ ಇರುತ್ತದೆ. ಹಸೀನಾ ಎಂದು ಹೆಣ್ಣುಮಕ್ಕಳಿಗೆ ಇಡುವುದೂ ಹೊಸದಲ್ಲ. ಇನ್ನು ಹುಟ್ಟಿದ ತಾರೀಖನ್ನು ಮಾಸ್ತರರು ಎಲ್ಲರಿಗೂ ಒಂದೇ ಕೊಟ್ಟಿದ್ದರು. ಹಸೀನಾ ದಸ್ತಗೀರ ಮುಲ್ಲಾ, ಒಂದು ಜೂನ್. ಹಾಗೆಂದು ನಮ್ಮೂರಿನಿಂದ ನಾನು ಅರ್ಜಿ ಹಾಕಿದ್ದೆ. ಬಾಲಗಾಂವದಿಂದ ಇನ್ನೊಬ್ಬಳು ಹಾಕಿದ್ದಳು.

ಬಾಲಗಾಂವ ನನ್ನ ನಾನಿಯ ಊರು. ಸಣ್ಣವಳಿದ್ದಾಗ ಸಾಲೆ ತಪ್ಪಿಸಿ ನಾನು ಅಲ್ಲಿಗೆ ಓಡುತ್ತಿದ್ದದ್ದು ಸರ್‌ಗೆ ಗೊತ್ತಿತ್ತು. ಎರಡು ಅರ್ಜಿ ಕೂಡಿದಾಗ ಅವರಿಗೆ ಸಂಶಯವೇ ಬರಲಿಲ್ಲ, ನಮ್ಮ ಹಸೀನಾ ನಾನಿಯ ಮನೆಯಿಂದಲೂ ಒಂದು ಹಾಕಿದ್ದಾಳೆ ಅಂದುಕೊಂಡರು. ಎರಡರಲ್ಲೂ ಅಂಕ ಬೇರೆ ಇದ್ದವು. ನಡುವೆ ರೀಚೆಕಿಂಗ್ ಆಗಿ ಅಂಕ ಹೆಚ್ಚಾಗಿರಬೇಕು ಎಂದು ಹೆಚ್ಚಿನದನ್ನು ಇಟ್ಟುಕೊಂಡರು. ವಿಳಾಸ ಮಾತ್ರ ತಮಗೆ ಪರಿಚಯದ ನಮ್ಮೂರಿನದು ಇಟ್ಟುಕೊಂಡರು. ಹೆಣ್ಣುಮಕ್ಕಳ ಅರ್ಜಿಗೆ ಫೋಟೋ ಕೇಳಿರಲಿಲ್ಲ. ಪರೀಕ್ಷೆಯ ಸೀಟ್ ನಂಬರ್ ನೋಡಿದ್ದರೆ ಆಗಲೇ ತಿಳಿಯುತ್ತಿತ್ತು, ಮೂವತ್ತೆರಡು ಅಕ್ಷರ ಕೂಡಿದ ಮೇಲೆ ಅವರು ಅದನ್ನು ನೋಡಲಿಲ್ಲ. ಅವರ ಪ್ರೀತಿಯ ಹುಡುಗಿ ಯಾದಿಯಲ್ಲಿ ಒಂಬತ್ತನೆಯವಳಾಗಿದ್ದಳು, ಆ ಖುಷಿಯಲ್ಲಿ ಬಾಲಗಾಂವದ ಕಾಗದದ ಮೇಲೆ "ನಕಲು" ಎಂದು ಶಿಕ್ಕಾ ಹೊಡೆದರು.

ಪ್ರವೇಶದ ದಿನ ಅಬ್ಬಾ ಇಸ್ತ್ರಿಯ ಅಂಗಿ ಹಾಕಿಕೊಂಡು ಬಂದರು, ಸರ್ ತಾವೇ ಜೊತೆಗೆ ಬಂದರು. ಖಿಡಕಿಯಲ್ಲಿ ಕೂತ ಕ್ಲರ್ಕ್ ನನ್ನ ಮಾರ್ಕಲಿಸ್ಟ್ ನೋಡಿ, ಯಾದಿ ನೋಡಿ, "ಯಾದ್ಯಾಗ ಜಾಸ್ತಿ ಅದಾವಲ್ರಿ?" ಎಂದ. ಯಾದಿಯನ್ನು ನಾನೂ ಬಗ್ಗಿ ನೋಡಿದೆ. ನನ್ನ ಹೆಸರಿನ ಮುಂದೆ ನನ್ನದಲ್ಲದ ಅಂಕ ಇದ್ದವು.

"ರೀಚೆಕಿಂಗ್ ಆಗೇದ್ರಿ. ಹೊಸಾದು ಬಂದ ಮ್ಯಾಲ ತಂದು ಕೊಡ್ತೇವಿ" ಎಂದರು ಸರ್. ಅವರ ದನಿಯಲ್ಲಿ ಅಳುಕೇ ಇರಲಿಲ್ಲ, ಅವರು ಅದನ್ನು ನಂಬಿದ್ದರು.

ನಾನು ರೀಚೆಕಿಂಗಿಗೆ ಹಾಕಿರಲಿಲ್ಲ. ಒಂದು ಮಾತು ಸಾಕಿತ್ತು, "ಇಲ್ರಿ ಸರ" ಎಂದಿದ್ದರೆ ಮುಗಿದುಹೋಗುತ್ತಿತ್ತು. ನನ್ನ ಅಂಕಕ್ಕೆ ಆ ಸೀಟು ಸಿಗುತ್ತಿರಲಿಲ್ಲವೆಂದು ನನಗೆ ಗೊತ್ತಿತ್ತು, ಇದು ಬೇರೆ ಯಾರದೋ ಎಂದು ಅದೇ ಗಳಿಗೆಯಲ್ಲಿ ಹೊಳೆದಿತ್ತು. ಅಬ್ಬಾ ನನ್ನ ಪಕ್ಕದಲ್ಲಿ ನಿಂತು ಕ್ಲರ್ಕನಿಗೆ ಸಲಾಮು ಮಾಡುತ್ತಿದ್ದರು. ನಾನು ಸುಮ್ಮನಿದ್ದೆ. ನನ್ನ ಬಾಯಿ ಕಟ್ಟಿದ್ದು ಭಯವಲ್ಲ, ಆಸೆ. ಆ ಸೀಟು ನನಗೆ ಬೇಕಾಗಿತ್ತು.

ಹಾಸ್ಟೆಲಿನಲ್ಲಿ ಎರಡು ವರ್ಷ ಬೇರೊಬ್ಬಳ ಅಂಗಿ ಹಾಕಿಕೊಂಡು ತಿರುಗಿದ ಹಾಗೆ ತಿರುಗಿದೆ. ಮೇಡಂ ಒಬ್ಬರು, "ನಿನ್ನ ಅಂಕ ನೋಡಿದ್ರ ನೀ ಇನ್ನಾ ಚಲೋ ಬರೀಬೇಕಿತ್ತಲ್ಲ" ಎಂದು ಆಗಾಗ ಹೇಳುತ್ತಿದ್ದರು. ಆ ಅಂಕಕ್ಕೆ ಸರಿಯಾಗಲು ಕತ್ತೆಯ ಹಾಗೆ ದುಡಿದೆ. ಹೇಳಿದರೆ ಮನೆ, ಹೇಳದಿದ್ದರೆ ಇದು. ಹಾಜರಿಯಲ್ಲಿ ಹೆಸರು ಕೂಗಿದಾಗ "ಹಾಜರ್" ಎನ್ನಲು ಒಂದು ಕ್ಷಣ ತಡವಾಗುತ್ತಿತ್ತು.

ಮೊದಲ ದೀಪಾವಳಿ ರಜೆಯಲ್ಲಿ ಸರ್ ಭೇಟಿಗೆ ಹೋದೆ. ಅಂದು ಅವರು ನನ್ನ ಕಾಲು ನೋಡಲಿಲ್ಲ. ಕೂರಿಸಿದರು, ಚಹಾ ತರಿಸಿದರು, ಕಂಪ್ಯೂಟರಿನ ಕಡೆಗೆ ನೋಡುತ್ತ ಹೇಳಿದರು, "ಬಾಲಗಾಂವದಾಗ ನಿನ್ನ ಹೆಸರಿನಾಕಿ ಒಬ್ಬಾಕಿ ಅದಾಳಂತವ್ವ. ಅವರ ಅಪ್ಪ ಬಂದಿದ್ದ."

"ಇರಬಹುದ್ರಿ ಸರ. ನಮ್ಮ ಮಂದ್ಯಾಗ ಆ ಹೆಸರ ಭಾಳ."

"ಭಾಳ ಅದಾವ, ಖರೆ." ಚಹಾದ ಕಪ್ಪನ್ನು ನನ್ನ ಕಡೆ ಸರಿಸಿ ಕೇಳಿದರು, "ರೀಚೆಕಿಂಗದ್ದು ಹೊಸಾ ಮಾರ್ಕಲಿಸ್ಟ್ ಬಂತೇನವ್ವ?"

"ಇನ್ನಾ ಬಂದಿಲ್ರಿ ಸರ."

ಸರ್ ಚಸ್ಮಾ ತೆಗೆದು ಅದರ ಗಾಜನ್ನು ಬಹಳ ಹೊತ್ತು ಒರೆಸಿದರು. "ಬರ್ತದ ಬಿಡು" ಎಂದರು. ನನ್ನ ಸುಳ್ಳು ಅವರಿಗೆ ತಿಳಿಯಿತು, ತಿಳಿದದ್ದು ನನಗೂ ತಿಳಿಯಿತು. ಅವತ್ತು ಅವರು ನನಗೊಂದು ಬಾಗಿಲು ತೆರೆದಿದ್ದರು, ನಾನೇ ಎಳೆದು ಮುಚ್ಚಿದೆ. ಆಮೇಲೆ ನಾವಿಬ್ಬರೂ ಆ ಮಾತು ಎತ್ತಲಿಲ್ಲ.

ಆ ನಡುವೆ ಏನು ನಡೆದಿತ್ತೆಂದು ಕಾಕು ನನಗೆ ಹೇಳಿದ್ದು ಎಷ್ಟೋ ವರ್ಷಗಳ ಮೇಲೆ. ಬಾಲಗಾಂವದ ಹಸೀನಾಗೆ ಸಂಸ್ಥೆಯಿಂದ ಕಾಗದ ಹೋಗಿತ್ತು. ನೀವು ಎರಡು ಅರ್ಜಿ ಹಾಕಿ ಮೋಸ ಮಾಡಿದ್ದೀರಿ, ನಿಮ್ಮ ಅರ್ಜಿ ನಕಲು ಎಂದು ಅದರಲ್ಲಿತ್ತು. ಓಣಿಗೆಲ್ಲ ಆ ಸುದ್ದಿ ಮುಟ್ಟಿತ್ತು. ಅವಳ ತಂದೆ ಆ ಕಾಗದ ಹಿಡಿದುಕೊಂಡು ಗಿರಣಿಯ ಮೆಟ್ಟಿಲು ಹತ್ತಿ ಬಂದು, "ನನ್ನ ಮಗಳು ಒಂದs ಅರ್ಜಿ ಹಾಕ್ಯಾಳ್ರಿ, ಕುರಾನ್ ಮ್ಯಾಲ ಕೈ ಇಟ್ಟು ಹೇಳ್ತೀನಿ" ಎಂದು ನಿಂತರಂತೆ. ಸರ್ ಎರಡೂ ಕಾಗದ ತೆಗೆದು ಸೀಟ್ ನಂಬರ್ ನೋಡಿದರು. ಅಂದು ಊಟ ಮಾಡಲಿಲ್ಲ ಎಂದಳು ಕಾಕು.

ಮರುದಿನ ಅಧ್ಯಕ್ಷರ ಹತ್ತಿರ ಹೋದರು. ತಪ್ಪು ನನ್ನದು, ಇಬ್ಬರು ಹುಡುಗಿಯರಿದ್ದಾರೆ, ಹುಟ್ಟಿದ ತಾರೀಖು ಮಾಸ್ತರರು ತಾವೇ ಹಾಕಿದ್ದು ಎಂದರು. ಅಧ್ಯಕ್ಷರಿಗೆ ಸಿಟ್ಟು ಬರಲಿಲ್ಲ, ಅವರು ನಕ್ಕರಂತೆ. "ಅಲ್ರಿ ಸರ, ಯಂತ್ರಾ ತಪ್ಪಂಗಿಲ್ಲ ಅಂತ ಸಭಾದಾಗ ಎದಿ ತಟ್ಟಿದವ್ರು ನೀವು. ಈಗ ಹುಟ್ಟಿದ ತಾರೀಖs ಸುಳ್ಳು ಅಂತೀರಿ. ಯಾದ್ಯಾಗ ಎಲ್ಲಾರದೂ ಒಂದು ಜೂನ್ ಅದ. ಸೀಟ್ ಸಿಗಲಾರದವ್ರೆಲ್ಲಾ ನಾಳಿ ಬಂದು ಕುಂದ್ರತಾರ, ಯಾದಿ ಹರೀಬೇಕೇನು? ಸೀಟ್ ಇಪ್ಪತ್ತs. ಈ ಹುಡಿಗಿನ್ನ ಒಳಗ ತಗೋಬೇಕಂದ್ರ ಆ ಹುಡಿಗಿನ್ನ ಹೊರಗ ಹಾಕಬೇಕು. ನೀವs ಬರದು ಸಹಿ ಮಾಡಿ ಕೊಡ್ರಿ, ಹಾಕ್ತೀನಿ."

ಕಾಗದವನ್ನೂ ಪೆನ್ನನ್ನೂ ಮುಂದಿಟ್ಟರಂತೆ. ಸರ್ ಆ ಕಾಗದ ಮನೆಗೆ ತಂದರು. ನಾಲ್ಕು ದಿನ ಬರೆಯಲು ಕೂತರು, ಏಳು ಸಲ ನನ್ನ ಹೆಸರು ಬರೆದು ಹರಿದು ಹಾಕಿದರು. "ತಾ ಕಿವಿ ಮುಟ್ಟಿಸಿ ಸಾಲಿಗಿ ಹಚ್ಚಿದ ಹುಡಿಗಿನ್ನ ತನ್ನs ಕೈಲೆ ಹೆಂಗ ಹೊರಗ ಹಾಕಲಿ ಅಂತಿದ್ರು" ಎಂದಳು ಕಾಕು. ನನ್ನ ಬಾಯಿಂದ ಮಾತು ಹೊರಡಲಿ ಎಂದು ಅವರು ದೀಪಾವಳಿಯ ತನಕ ಕಾದಿದ್ದರು. ಹೊರಟದ್ದು ಏನೆಂದು ಮೇಲೆ ಹೇಳಿದ್ದೇನೆ.

ಆಮೇಲೆ ಅವರು ಅದೇ ಖೋಲಿಯಲ್ಲಿ ಸಿಕ್ಕಿಬಿದ್ದವರಂತೆ ಇದ್ದರು. ಆ ಪ್ರೋಗ್ರಾಮು ಮತ್ತೆ ತೆರೆಯಲಿಲ್ಲ. ಹಳೆಯ ರಜಿಸ್ಟರ್ ತಿದ್ದಿಸಬೇಕೆಂದು ಒಂದು ಹುಕಿ ಬಂದಿತ್ತು, ಯಾರನ್ನೋ ಕೇಳಿಯೂ ಬಂದರು. ಅವರ ಕೈಯಲ್ಲಿ ಕಲಿತವರು ಆಗಲೇ ಪೊಲೀಸರಾಗಿದ್ದರು, ಸೈನ್ಯದಲ್ಲಿದ್ದರು, ಬಸ್ಸಿನ ಕಂಡಕ್ಟರರಾಗಿದ್ದರು. "ನಾ ಬರದ ಸುಳ್ಳಿನ ಮ್ಯಾಲ ಅಷ್ಟೂ ಮಂದಿ ಹೊಟ್ಟಿ ನಡದದ. ಒಂದು ತಾರೀಖ ಸುಳ್ಳು ಅಂದ್ರ ಎಲ್ಲಾರದೂ ಸುಳ್ಳು ಆಗ್ತದ" ಎಂದು ಒಮ್ಮೆ ನನ್ನೆದುರೇ ಹೇಳಿದ್ದರು. ನನಗೆ ಸಾಲೆಯಲ್ಲಿ ನೌಕರಿ ಸಿಕ್ಕಾಗ ಪೇಢೆ ಒಯ್ದಿದ್ದೆ. ಅವತ್ತು ಒಬ್ಬ ವಿದ್ಯಾರ್ಥಿನಿ ಪತ್ರಿಕೆಯಲ್ಲಿ ಓದಿದ್ದನ್ನು ಹೇಳುತ್ತಿದ್ದಳು. ಎಂಡಿ ಫೈವ್ ಕೆಟ್ಟಿತಂತೆ, ಎರಡು ಬೇರೆ ಕಡತಗಳಿಗೆ ಒಂದೇ ಸಾಲು ಬರುವ ಹಾಗೆ ಪರದೇಶದ ಪಂಡಿತರು ಮಾಡಿ ತೋರಿಸಿದರಂತೆ. ಸರ್ ನಗಲು ಶುರುಮಾಡಿದರು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. "ನಮ್ಮ ತಾಲೂಕಿನಾಗ ಅದಕ್ಕ ಪಂಡಿತರು ಬೇಕಾಗಲಿಲ್ಲವ್ವ, ಮಾಸ್ತರs ಸಾಕಾದ" ಎಂದರು. ಹುಡುಗಿಯರಿಗೆ ಅರ್ಥವಾಗಲಿಲ್ಲ. ನಾನು ಪೇಢೆಯ ಡಬ್ಬಿ ಹಿಡಿದುಕೊಂಡು ನಿಂತೇ ಇದ್ದೆ.

ಅವತ್ತು ಹೊರಡುವಾಗ ಒಂದೇ ಒಂದು ಉಪದೇಶ ಮಾಡಿದರು. "ಮಕ್ಕಳು ಹುಟ್ಟಿದ ದಿನ ತಾಯಿಗಿ ಕೇಳು, ತಂದಿಗಿ ಕೇಳಬ್ಯಾಡ. ತಾಯಿ ಮರತಿರಂಗಿಲ್ಲ." ನಾನು ಹಾಗೆಯೇ ಮಾಡಿದ್ದೇನೆ. ಯಾವ ಹಬ್ಬದ ಹಿಂದೆ, ಯಾವ ಬೆಳೆಯ ಮುಂದೆ ಎಂದು ಒಂದೊಂದು ತಾಯಿಯ ಜೊತೆ ತಾಸುಗಟ್ಟಲೆ ಕೂತು ಪಂಚಾಂಗ, ಕ್ಯಾಲೆಂಡರ್ ತಿರುವಿ ತಾರೀಖು ಹಿಡಿದಿದ್ದೇನೆ. ಒಬ್ಬ ಹುಡುಗ ನಿಜವಾಗಿಯೂ ಜೂನ್ ಒಂದಕ್ಕೆ ಹುಟ್ಟಿದ್ದಾನೆ, ಅವನ ತಾಯಿಗೆ ನಾನು ಮೂರು ಸಲ ಕೇಳಿದೆ.

ಸರ್ ಹೋದ ವರ್ಷ ತೀರಿಕೊಂಡರು. ಮಣ್ಣಾದ ಮೂರನೆಯ ದಿನ ಕಾಕುವನ್ನು ಮಾತಾಡಿಸಲು ಹೋದಾಗಲೇ ಆಕೆ ನನಗೆ ಇದಿಷ್ಟನ್ನೂ ಹೇಳಿದ್ದು. ಕೊನೆಗೆ, "ನಿನ್ನಿ ಆಕೀನೂ ಬಂದಿದ್ಲು ನೋಡವ್ವ, ಬಾಲಗಾಂವದಾಕಿ. ಭಾಳ ಅತ್ತಳು" ಎಂದಳು. ನನಗೆ ದಿಗಿಲಾಯಿತು. ಅವಳು ಯಾಕೆ ಅಳಬೇಕು? ಸರ್ ಮುಖಕ್ಕೆ ಉಗಿಯಬೇಕಾದವಳು ಅವಳು. ನನ್ನ ಮುಖಕ್ಕೂ ಉಗಿಯಬೇಕಾದವಳು. ಮರುದಿನವೇ ಬಾಲಗಾಂವದ ಬಸ್ಸು ಹತ್ತಿದೆ. ನಾನಿ ತೀರಿದ ಮೇಲೆ ಆ ಊರಿಗೆ ಹೋಗಿರಲಿಲ್ಲ. ನಾನಿ ತೀರಿದ್ದೇ ಕಾರಣವೆಂದು ಎಲ್ಲರಿಗೂ ಹೇಳುತ್ತಿದ್ದೆ.

ಅವಳದು ಪಂಚಾಯಿತಿ ಕಟ್ಟೆಯ ಎದುರು ಸಣ್ಣ ಝೆರಾಕ್ಸ್ ಅಂಗಡಿ. ಮಂದಿಗೆ ಅರ್ಜಿ ತುಂಬಿ ಕೊಡುತ್ತಾಳೆ. ಮೂಲೆಯಲ್ಲಿ ಸರ್ ಅವರ ಎರಡನೆಯ ಕಂಪ್ಯೂಟರ್ ಇತ್ತು. ಅವಳು ನನಗಿಂತ ಎತ್ತರ, ನನಗಿಂತ ಕಪ್ಪು, ಕಣ್ಣಿನಲ್ಲಿ ನಗು. ಹೆಸರು ಹೇಳಿದೆ. ಅವಳು ಒಂದು ಗಳಿಗೆ ನೋಡಿ ಖುರ್ಚಿ ಒರೆಸಿ ಕೊಟ್ಟಳು.

"ಕುಂದ್ರಿ, ಕುಂದ್ರಿ. ನೋಡಬೇಕು ನೋಡಬೇಕು ಅಂತ ಭಾಳ ದಿವಸದ್ದು ಇತ್ತು."

ಚಹಾ ಬಂತು. ಅವಳೇ ಶುರುಮಾಡಿದಳು. ಆ ಕಾಗದ ಬಂದ ವರ್ಷವೇ ಸರ್ ಅವಳ ಮನೆಗೆ ಬಂದರಂತೆ. ಅವಳ ತಂದೆಯ ಎದುರು, ಓಣಿಯ ಹಿರಿಯರ ಎದುರು ನಿಂತು, ಈ ಹುಡುಗಿ ಮೋಸ ಮಾಡಿಲ್ಲ, ಮಾಡಿದವನು ನಾನು ಎಂದರಂತೆ. ಆಮೇಲೆ ಒಂದು ವರ್ಷ ಪ್ರತಿ ರವಿವಾರ ಬಸ್ಸಿನಲ್ಲಿ ಬಂದು ಅವಳಿಗೆ ಕಂಪ್ಯೂಟರ್ ಕಲಿಸಿದರಂತೆ.

"ನಿಮ್ಮ ಮ್ಯಾಲ ನನಗ ಭಾಳ ಸಿಟ್ಟ ಇತ್ರಿ ಆಗ. ಸರs ತಗದ್ರು. ತಪ್ಪು ನಂದು, ಆ ಹುಡಿಗಿಗಿ ಏನೂ ಗೊತ್ತಿಲ್ಲ, ಆಕಿಗಿ ಶಾಪಾ ಹಾಕಬ್ಯಾಡವ್ವ ಅಂತ ಕೈ ಮುಗದ್ರು. ಅಷ್ಟ ದೊಡ್ಡಾವ್ರು ನನಗ ಕೈ ಮುಗದ್ರು. ಅವತ್ತಿಂದ ಬಿಟ್ಟಬಿಟ್ಟೆ." ಅವಳು ನನ್ನ ಕೈ ಮೇಲೆ ಕೈ ಇಟ್ಟಳು. "ಖರೇನ ಅಲ್ಲೇನ್ರಿ, ನಿಮಗೇನ ಗೊತ್ತಿತ್ತು, ಪಾಪ."

ಸರ್ ಸುಳ್ಳು ಹೇಳಿದ್ದರು. ನನ್ನ ಸಲುವಾಗಿ, ಕೈ ಮುಗಿದು ಸುಳ್ಳು ಹೇಳಿದ್ದರು. ಹ್ಞೂಂ ಎಂದು ಚಹಾ ಕುಡಿದು ಎದ್ದು ಬರಬಹುದಿತ್ತು, ಅವರೂ ಅದನ್ನೇ ಬಯಸಿದ್ದರೇನೋ. ನಾನು ಚಹಾದ ಕಪ್ಪು ಕೆಳಗಿಟ್ಟೆ.

"ಗೊತ್ತಿತ್ರಿ" ಎಂದೆ. "ಯಾದಿ ನೋಡಿದ್ದೆ. ಅಂಕ ನನ್ನವಲ್ಲ ಅಂತ ಗೊತ್ತಿತ್ತು. ಸರ್‌ಗಿ ಆಗ ಗೊತ್ತಿರಲಿಲ್ಲ, ನನಗ ಗೊತ್ತಿತ್ತು. ಸುಮ್ನ ನಿಂತೆ."

ಅವಳು ಕೈ ತೆಗೆದುಕೊಂಡಳು. ಅಷ್ಟರಲ್ಲಿ ಯಾರೋ ರೇಶನ್ ಕಾರ್ಡಿನ ಝೆರಾಕ್ಸಿಗೆ ಬಂದರು. ಅವಳು ಎದ್ದು ಎರಡು ಪ್ರತಿ ತೆಗೆದು, ಅಂಚು ಕೂಡಿಸಿ, ಮಡಚಿ ಕೊಟ್ಟು ಕಳಿಸಿದಳು. ತಿರುಗಿ ಬಂದು ನನ್ನೆದುರು ಕೂತಳು. ಮುಖದಲ್ಲಿ ಸಿಟ್ಟೂ ಇರಲಿಲ್ಲ, ನಗುವೂ ಇರಲಿಲ್ಲ.

"ನನಗ ನಾಕುನೂರಾ ಮೂವತ್ತೇಳು ಬಿದ್ದಿದ್ವು" ಎಂದಳು. "ನಿಮಗ ಖರೇ ಎಷ್ಟ ಬಿದ್ದಿದ್ವು?"

"ಮುನ್ನೂರಾ ಎಂಬತ್ತೊಂದು" ಎಂದೆ.